ದೊಡ್ಡಪ್ಪನ ಮುಯ್ಯಾಳು ಅಂಚೆ

ನಮ್ಮ ದೊಡ್ಡಪ್ಪನಿಗೆ ಸರ್ಕಾರದ ಮೇಲೆ ದ್ವೇಷವೇನೂ ಇರಲಿಲ್ಲ. ಅಂಥದ್ದೊಂದು ಇದೆ ಎಂಬುದನ್ನೇ ಅವರು ಒಪ್ಪುತ್ತಿರಲಿಲ್ಲ, ಅಷ್ಟೇ! ಆಗ ಕೊಡಗೇ ಒಂದು ರಾಜ್ಯ. ಬೆಳಿಗ್ಗೆ ಒಂದು ತುದಿಯಲ್ಲಿ ಬಸ್ಸು ಹತ್ತಿದರೆ ಸಂಜೆ ಇನ್ನೊಂದು ತುದಿಯಲ್ಲಿ ಕಾಫಿ ಕುಡಿಯಬಹುದಾದಷ್ಟು ಪುಟ್ಟ ರಾಜ್ಯ. ಮಂತ್ರಿಗಳು ಇಬ್ಬರೇ. ದೊಡ್ಡಪ್ಪ ಅದಕ್ಕೂ ತಲೆಯಾಡಿಸುತ್ತಿದ್ದರು: "ಇಬ್ಬರು ಜಾಸ್ತಿ ಆದ್ರು."

ಅವರ ಪಾಲಿಗೆ ಮುಯ್ಯಾಳೊಂದಿದ್ದರೆ ಸಾಕು. ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ನಾಟಿ ಹೀಗೆ ಆಗುತ್ತದಾದರೆ ರಸ್ತೆ ಯಾಕಾಗಬಾರದು? ಕಾವಲು ಯಾಕಾಗಬಾರದು? ಕೇಳುತ್ತಿದ್ದರು. ಉತ್ತರ ಕೊಟ್ಟವರನ್ನು ಮಧ್ಯಾಹ್ನದ ಊಟದವರೆಗೆ ಬಿಡುತ್ತಿರಲಿಲ್ಲ.

ಒಮ್ಮೆ ನಮ್ಮ ಹಳ್ಳಕ್ಕೆ ಮೋರಿ ಕಟ್ಟಲು ಓವರ್ಸಿಯರ್ ಒಬ್ಬರು ಟೇಪು ಹಿಡಿದು ಬಂದರು. ದೊಡ್ಡಪ್ಪ ಅವರಿಗೆ ಕಾಫಿ ಕೊಟ್ಟು, ಬಾಳೆಗೊನೆ ಹೊರಿಸಿ ವಾಪಸ್ಸು ಕಳಿಸಿದರು. ಊರವರೇ ಸೇರಿ ಹಳ್ಳ ದಾಟಲು ಮರದ ಪಾಲ ಹಾಕಿದರು. ಗಟ್ಟಿಯಾಗಿಯೇ ಇತ್ತು, ಮಳೆ ಬರುವವರೆಗೆ! ಅದು ಕೊಚ್ಚಿಹೋದ ದಿನ ದೊಡ್ಡಪ್ಪ ಆಚೆ ದಡದಲ್ಲಿದ್ದರು. ಅಲ್ಲಿಂದಲೇ ದೊಡ್ಡಮ್ಮನಿಗೆ ಕೂಗಿದರು:

"ಸರ್ಕಾರದ್ದಾಗಿದ್ರೆ ವರ್ಷಗಟ್ಲೆ ಬಿದ್ದಿರೋದು ಕಣೇ! ನಮ್ದು ನೋಡ್ತಿರು, ನೀರಿಳಿದ ಕೂಡ್ಲೆ ಕಟ್ತೀವಿ!"

"ಅಲ್ಲೀಗಂಟ ಅಲ್ಲೇ ಇರಿ, ಮನೇಲಿ ಅಕ್ಕಿ ಉಳೀತದೆ!" ಎಂದರು ದೊಡ್ಡಮ್ಮ.

ಇದನ್ನೆಲ್ಲ ಸಹಿಸಬಹುದಿತ್ತು. ಅಂಚೆಗೆ ಕೈಹಾಕಿದರಲ್ಲ, ಅದನ್ನು ಹೇಗೆ ಸಹಿಸುವುದು? ಅಂಚೆಯವನನ್ನು ನಿಲ್ಲಿಸಿ, "ನೀನ್ಯಾಕಪ್ಪ ಇಷ್ಟು ದೂರ ನಡೀತೀಯ? ಸೋಮವಾರಪೇಟೆ ಸಂತೆಗೆ ಹೋದೋರು ಕಾಗದ ತರ್ತಾರೆ, ಇನ್ಮೇಲೆ ಬರಬೇಡ" ಎಂದುಬಿಟ್ಟರು. ಅವನಿಗೇನು, ಖುಷಿ! ಅಂದಿನಿಂದ ಕಾಗದಗಳು ಹೋಟೆಲಿನಲ್ಲಿ ಗಟ್ಟಿಯಾಗಿ ಓದಿಸಿಕೊಂಡೇ ಊರಿಗೆ ಬರತೊಡಗಿದವು. ಮೈಸೂರಿನಲ್ಲಿ ಕಂಡವರ ಮನೆಯ ಅಡುಗೆ ಮಾಡಿಕೊಂಡು ಓದಿ, ನಮ್ಮ ಮನೆತನದಲ್ಲೇ ಮೊದಲು ಬಿ.ಎ. ಪಾಸಾದವಳು ನಾನು. ಆ ಸುದ್ದಿಯ ಕಾಗದ ನನ್ನ ಕೈಗೆ ಸಿಗುವ ಹೊತ್ತಿಗೆ, ಇಂಗ್ಲಿಷಿನಲ್ಲಿ ನನಗೆ ಅಂಕ ಕಡಿಮೆಯಾಯಿತೆಂದು ಊರೆಲ್ಲ ಮರುಗಿ ಮುಗಿಸಿತ್ತು!

ಆಮೇಲೆ ಮಡಿಕೇರಿಯ ಕಚೇರಿಯಿಂದ ನನಗೆ ಮೇಷ್ಟರ ಕೆಲಸದ ಆರ್ಡರು ಹೊರಟಿತು. ಸರ್ಕಾರದ ಮುದ್ರೆ ಕಂಡು ಹೆದರಿ ಈ ಒಂದು ಲಕೋಟೆಯನ್ನು ಮಾತ್ರ ಯಾರೂ ಒಡೆಯಲಿಲ್ಲ. ತಂದವನು ಕೆಳಗಿನ ಮನೆಯ ತಿಮ್ಮಯ್ಯ. ನಾಟಿಯ ಕಾಲ. ದಾರಿಯಲ್ಲೇ ಯಾರೋ ಮುಯ್ಯಿಗೆ ಕರೆದರು. ಕರೆದ ಮೇಲೆ ಹೋಗದಿರುವಂತಿಲ್ಲ. ಮಳೆಗೆ ತಲೆಮೇಲೆ ಹಾಕಿಕೊಳ್ಳುವ ಗೊರಬೆಯೊಳಗೆ ಕಾಗದ ಸಿಕ್ಕಿಸಿಕೊಂಡು ಆತ ಗದ್ದೆಗಿಳಿದ. ಮರುದಿನ ಇನ್ನೊಬ್ಬರ ಗದ್ದೆ, ಅದರ ಮರುದಿನ ಮತ್ತೊಬ್ಬರದು. ಎಂಟು ದಿನ ನನ್ನ ಭವಿಷ್ಯ ಊರಿನ ಗದ್ದೆಗಳನ್ನೆಲ್ಲ ಸುತ್ತಿತು! ಒಂಬತ್ತನೆಯ ದಿನ ನಮ್ಮ ಗದ್ದೆಗೆ ಬಂದವನು, "ಅಯ್ಯೋ, ನಿಂದೊಂದು ಕಾಗದ ಇತ್ತಲ್ಲವ್ವ" ಎಂದು ತೆಗೆದುಕೊಟ್ಟ.

ಒಡೆದು ನೋಡಿದೆ. ಕೆಲಸಕ್ಕೆ ಸೇರಲು ಕೊನೆಯ ದಿನ ನಿನ್ನೆ.

"ಒಂದಿನ ತಾನೆ, ಏನಾಗ್ತದೆ?" ಎಂದರು ದೊಡ್ಡಪ್ಪ, ಮೊಣಕಾಲುದ್ದ ಕೆಸರಿನಲ್ಲಿ ನಿಂತು.

"ಕೆಲಸ ಇನ್ನೊಬ್ಬರಿಗೆ ಹೋಗ್ತದೆ! ನಾನು ಕಂಡೋರ ಮನೆ ಪಾತ್ರೆ ತಿಕ್ಕಿ ಓದಿದ್ದು ನಿಮ್ಮ ಗದ್ದೇಲಿ ಹೂತುಹೋಯ್ತು!" ಎಂದು ಕಿರುಚಿದೆ. ಇಪ್ಪತ್ತು ಜನ ನಾಟಿ ನಿಲ್ಲಿಸಿ ನೋಡಿದರು.

ಆ ವರ್ಷ ಪುಣ್ಯಕ್ಕೆ ಪಾಲ ಉಳಿದಿತ್ತು. ಸೋಮವಾರಪೇಟೆಗೆ ಓಡಿ ಬಸ್ಸು ಹತ್ತಿದೆ. ಹಿಂದಿನ ಸೀಟಿನಲ್ಲಿ ದೊಡ್ಡಪ್ಪ! ಮಡಿಕೇರಿಯವರೆಗೂ ನಾನು ತಿರುಗಿ ನೋಡಲಿಲ್ಲ.

ಕಚೇರಿಯಲ್ಲಿ ಅಧಿಕಾರಿ ಕನ್ನಡಕ ಸರಿಪಡಿಸಿಕೊಂಡು, "ತಡವಾಯಿತಲ್ಲಮ್ಮ, ಏನು ಕಾರಣ?" ಎಂದರು. ಅಷ್ಟರಲ್ಲಿ ಬಾಗಿಲಲ್ಲಿ ಏನೋ ಕೆರೆಯುವ ಸದ್ದು. ನೋಡಿದರೆ ದೊಡ್ಡಪ್ಪ, ಸರ್ಕಾರದ ನೆಲ ಕೊಳೆಯಾಗದಂತೆ ಕಾಲಿನ ಕೆಸರನ್ನು ಉಗುರಿನಿಂದ ಕೆರೆದು ತೆಗೆಯುತ್ತಿದ್ದರು. ಆಮೇಲೆ ಒಳಗೆ ಬಂದರು.

"ಸ್ವಾಮೀ, ತಪ್ಪು ಈ ಹುಡುಗೀದಲ್ಲ. ನಿಮ್ಮ ಅಂಚೆಯೋನು ಸರಿಯಾಗೇ ತರ್ತಿದ್ದ. ಬರಬೇಡ ಅಂದೋನು ನಾನು."

ಅಧಿಕಾರಿ ಅವರನ್ನು ಮೇಲಿಂದ ಕೆಳಗೆ ನೋಡಿ, "ಅದನ್ನೇ ಬರೆದುಕೊಡಿ, ನೋಡೋಣ" ಎಂದು ಕಾಗದ ತಳ್ಳಿದರು. ದೊಡ್ಡಪ್ಪನಿಗೆ ಓದುಬರಹ ಎಲ್ಲಿಂದ ಬರಬೇಕು? ಪೆನ್ನು ನಾನು ಹಿಡಿದೆ.

"ನಂಗೆ ಜ್ವರ ಇತ್ತು ಅಂತ ಬರೀಲಾ ದೊಡ್ಡಪ್ಪ?" ಎಂದು ಪಿಸುಗುಟ್ಟಿದೆ.

"ಬೇಡ. ನಾ ಹೇಳಿದ್ದೇ ಬರಿ," ಎಂದು ಅವರು ಹೆಬ್ಬೆಟ್ಟನ್ನು ಪಂಚೆಗೆ ಒರೆಸಿಕೊಂಡರು. "ಅಕ್ಷರ ದುಂಡಗೆ ಬರಲಿ ಮಗಾ. ನಮ್ಮನೇಲಿ ಓದಿದೋಳು ನೀನೊಬ್ಬಳೇ."