ಚುಕ್ಕೆ, ಎರಡು ಚುಕ್ಕೆ ಮತ್ತು ಎಂಬತ್ತು ಸೆಂಟ್ ಮಳೆ

ಕೊಡಗಿನಲ್ಲಿ ಭಾಷೆಗಳಿಗೆ ಬರವಿಲ್ಲ. ಅಮ್ಮತ್ತಿಯಲ್ಲಿ ಒಂದು ಟೀ ಕುಡಿದು ಮುಗಿಸುವಷ್ಟರಲ್ಲಿ ಕೊಡವ, ಅರೆಭಾಷೆ, ಮಲಯಾಳ, ತಮಿಳು, ತುಳು, ಉರ್ದು ಎಲ್ಲವೂ ಕಿವಿಗೆ ಬೀಳುತ್ತವೆ. ಜಗಳ ಮಾತ್ರ ಕನ್ನಡದಲ್ಲಿ ನಡೆಯುತ್ತದೆ, ಎಲ್ಲರಿಗೂ ಅರ್ಥವಾಗಲಿ ಎಂದು. ನನಗೆ ಚೆನ್ನಾಗಿ ಬರುವ ಭಾಷೆಯನ್ನು ಆಡುವವರು ಇಲ್ಲಿ ಯಾರೂ ಇಲ್ಲ. ಅದರ ಹೆಸರು ಸಿ. ಕಂಪ್ಯೂಟರಿಗೆ ಕೆಲಸ ಹೇಳುವ ಹಳೆಯ ಭಾಷೆ. ಪಾಲಿಟೆಕ್ನಿಕ್ಕಿನಲ್ಲಿ ಅದನ್ನು ಕಲಿಸಿ ನಿವೃತ್ತನಾದೆ. ಈಗ ಪೇಟೆಯ ಹಿಂದಿನ ಬಾಡಿಗೆ ಮನೆಯಲ್ಲಿ ನಾನು ಮತ್ತು ಒಂದು ಕಂಪ್ಯೂಟರ್ ಇದ್ದೇವೆ. ಹೀಗೆ ಇರುವವನಿಗೆ ಇಂಥವೆಲ್ಲ ಆಗುತ್ತಲೇ ಇರುತ್ತವೆ.

ಪಕ್ಕದವರಿಗೆ ಎಷ್ಟು?

ಇಲ್ಲಿ ಮಳೆಯನ್ನು ಇಂಚು, ಸೆಂಟಿನಲ್ಲಿ ಅಳೆಯುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ಸುತ್ತಲಿನ ಕಾಫಿ ತೋಟಗಳ ಮಳೆಯನ್ನು ಒಂದು ಕಡೆ ಬರೆದಿಡುವ ಕೆಲಸವನ್ನು ತೋಟದವರು ನನಗೆ ವಹಿಸಿದ್ದರು. ನನಗೆ ಬೇರೆ ಕೆಲಸ ಇಲ್ಲ ಎಂಬುದು ಅವರಿಗೆ ಗೊತ್ತಿತ್ತು. ಮಳೆ ಬಂದ ಮರುದಿನ ಬೆಳಿಗ್ಗೆ ಫೋನ್ ಬರುತ್ತಿತ್ತು.

ಎಲ್ಲರಿಗಿಂತ ಹೆಚ್ಚು ಕುತೂಹಲ ಪಕ್ಕದ ತೋಟದ ಮೇಜರ್ ಸಾಹೇಬರಿಗೆ. ಸೈನ್ಯದಿಂದ ನಿವೃತ್ತರು.

"ಸಾರ್, ಆಚೆ ತೋಟದ ಅಮ್ಮನಿಗೆ ಎಷ್ಟು ಬಂತಂತೆ?"

"ಎಂಬತ್ತು ಸೆಂಟ್."

"ನಮಗೆ ಎಂಬತ್ತೈದು. ತಿಂಡಿ ಆಯ್ತಾ?"

"ಆಯ್ತು."

ಫೋನ್ ಇಟ್ಟರು. ಸ್ವಲ್ಪ ಹೊತ್ತಿಗೆ ಆಚೆ ತೋಟದ ಒಡತಿ ಅಮ್ಮನ ಫೋನ್ ಮತ್ತೆ ಬಂತು. "ಸಾರ್, ಆಗ ಹೇಳಿದ್ದು ತಪ್ಪು. ಮಳೆ ಅಳೆಯೋ ಗಾಜಿನ ತಳದಲ್ಲಿ ಇನ್ನೂ ಸ್ವಲ್ಪ ಇತ್ತು. ತೊಂಬತ್ತು ಬರ್ಕೊಳ್ಳಿ. ತಿಂಡಿ ಆಯ್ತಾ?"

ಮಳೆ ಬಾರದ ದಿನ ಯಾರೂ ಫೋನ್ ಮಾಡುತ್ತಿರಲಿಲ್ಲ. ನನ್ನ ತಿಂಡಿಯ ವಿಚಾರವನ್ನೂ ಯಾರೂ ಕೇಳುತ್ತಿರಲಿಲ್ಲ. ಒಂದು ಗಿಡ ಕಾಫಿಯೂ ಇಲ್ಲದೆ ಬೆಳಿಗ್ಗೆ ಎದ್ದು ಮೋಡ ನೋಡುತ್ತಿದ್ದವನು ಇಡೀ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಬಾಗಿಲು ತಟ್ಟುವ ಪ್ರೋಗ್ರಾಂ

ಒಂದು ದಿನ ಮೇಜರ್ ಸಾಹೇಬರು ಮನೆಗೇ ಬಂದರು. "ಫೋನಲ್ಲಿ ಎಲ್ಲರೂ ಸುಳ್ಳು ಹೇಳ್ತಾರೆ ಮಾರಾಯ್ರೆ. ನೀವು ಕಂಪ್ಯೂಟರಲ್ಲಿ ಏನಾದ್ರೂ ಮಾಡಿ. ಬೆಳಿಗ್ಗೆ ಗಾಜು ನೋಡಿದ ಕೂಡಲೇ ಲೆಕ್ಕ ಬರೆಯೋ ರೈಟರ್ ನೆಟ್ಟಲ್ಲಿ ತೋಟದ ಫೋಲ್ಡರಿಗೆ ಒಂದು ಫೈಲ್ ಹಾಕಲಿ. ಆಮೇಲೆ ಯಾರೂ ಸೇರಿಸೋ ಹಾಗಿಲ್ಲ. ನಿಮಗೂ ಫೋನಿನ ಕಿರಿಕಿರಿ ತಪ್ತದೆ."

ಕಿರಿಕಿರಿ ಏನಿಲ್ಲ ಎಂದೆ. ಅವರು ಅದನ್ನು ನನ್ನ ಸೌಜನ್ಯ ಎಂದುಕೊಂಡರು.

ಪ್ರೋಗ್ರಾಂ ಬರೆದೆ. ಸಿ ಭಾಷೆಯಲ್ಲಿ ಫೋಲ್ಡರ್ ಓದುವುದೆಂದರೆ ತೋಟದ ಕೂಲಿಯವರ ಲೈನ್‌ಮನೆಯ ಬಾಗಿಲು ತಟ್ಟಿದ ಹಾಗೆ. ಮೊದಲು ಬಾಗಿಲು ತೆರೆಸಬೇಕು. ಒಂದು ಸಲ ಕರೆದರೆ ಒಂದೇ ಹೆಸರು ಹೊರಗೆ ಬರುತ್ತದೆ. ಮತ್ತೆ ಕರೆದರೆ ಇನ್ನೊಂದು. ಅಕಾರಾದಿಯಾಗಿ ಬರುವುದಿಲ್ಲ, ಹಿರಿಯರು ಮೊದಲು ಎಂದೂ ಇಲ್ಲ. ಯಾರೂ ಉತ್ತರ ಕೊಡದಿದ್ದರೆ ಮುಗಿಯಿತು ಎಂದು ತಿಳಿದು ಬಾಗಿಲು ಹಾಕಿಕೊಂಡು ಬರಬೇಕು. ಆ ಕೊನೆಯ ಭಾಗ ಬರೆಯಲು ನನಗೆ ಪುಸ್ತಕ ನೋಡಬೇಕಾಗಲಿಲ್ಲ.

ಮೊದಲ ಸಲ ಓಡಿಸಿದಾಗ ಆಚೆ ತೋಟದ ಅಮ್ಮ ನೋಡಲು ಬಂದಿದ್ದರು. ಅವರ ಫೋಲ್ಡರಿನಲ್ಲಿ ಇನ್ನೂ ಏನನ್ನೂ ಹಾಕಿರಲಿಲ್ಲ. ಆದರೂ ಪರದೆಯ ಮೇಲೆ ಎರಡು ಸಾಲು ಬಂತು: ಒಂದರಲ್ಲಿ ಒಂದು ಚುಕ್ಕೆ, ಇನ್ನೊಂದರಲ್ಲಿ ಎರಡು ಚುಕ್ಕೆ.

"ನನ್ನ ತೋಟದಲ್ಲಿ ಇವರಿಬ್ಬರು ಯಾರು?" ಎಂದರು ಅಮ್ಮ. ಲೈನಿನಲ್ಲಿ ಯಾರೋ ಹೇಳದೆ ಬಂದು ಇದ್ದಾರೆ ಎಂಬ ದನಿ.

"ಒಂದು ಚುಕ್ಕೆ ಅಂದ್ರೆ ಆ ಫೋಲ್ಡರೇ. ಎರಡು ಚುಕ್ಕೆ ಅಂದ್ರೆ ಅದು ಯಾವ ಮನೆಗೆ ಸೇರಿದ್ದು ಅಂತ. ಏನೂ ಇಲ್ಲದ ಫೋಲ್ಡರಲ್ಲೂ ಇವೆರಡು ಇದ್ದೇ ಇರ್ತವೆ."

"ಹಾಗೆ ಹೇಳಿ. ನಮ್ಮಲ್ಲೂ ಯಾವ ಮನೆ ಅಂತ ಕೇಳದೆ ಕಾಫಿ ಕೊಡಲ್ಲ. ಎಲ್ಲಕ್ಕಿಂತ ಮೇಲೆ ಒಂದು ಫೋಲ್ಡರ್ ಇರ್ತದಲ್ಲ, ಅದು ಯಾವ ಮನೆಗೆ ಸೇರಿದ್ದು?"

"ಅದಕ್ಕೆ ಮೇಲೆ ಯಾರೂ ಇಲ್ಲ. ಅಲ್ಲಿ ಎರಡು ಚುಕ್ಕೆ ಅಂದ್ರೂ ಅದೇ."

"ಪಾಪ," ಎಂದರು ಅಮ್ಮ. ಪರದೆ ನೋಡಿ ಹೇಳಿದರೋ ನನ್ನನ್ನು ನೋಡಿ ಹೇಳಿದರೋ ತಿಳಿಯಲಿಲ್ಲ.

ಒಳಗೆ, ಇನ್ನೂ ಒಳಗೆ

ಮರುದಿನ ಮೇಜರರ ರೈಟರ್ ಹಳೆಯ ಲೆಕ್ಕದ ಪೆನ್‌ಡ್ರೈವ್ ಹಿಡಿದು ಬಂದ. ತಿಂಗಳಿಗೊಂದು ಒಳಫೋಲ್ಡರ್ ಮಾಡಿದ್ದ. ಸರಿ, ಒಳಗಿರುವ ಎಲ್ಲ ಫೋಲ್ಡರಿಗೂ ಹೋಗಿ ಓದು ಎಂದು ಪ್ರೋಗ್ರಾಂಗೆ ಹೇಳಿದೆ. ಚುಕ್ಕೆಗಳನ್ನು ಬಿಟ್ಟು ಹೋಗು ಎಂದು ಹೇಳಲು ಮರೆತೆ. ಅದು ಮೊದಲು ಸಿಕ್ಕ ಒಂಟಿ ಚುಕ್ಕೆಯ ಬಾಗಿಲು ತೆರೆಯಿತು. ಒಳಗೆ ಅದೇ ಫೋಲ್ಡರ್. ಅಲ್ಲೂ ಒಂಟಿ ಚುಕ್ಕೆ. ಮತ್ತೆ ಬಾಗಿಲು. ಪರದೆಯ ತುಂಬ ಚುಕ್ಕೆಗಳು ಸಾಲು ಕಟ್ಟಿ ಹೋದವು.

"ಸಾರ್, ಇದು ಎಲ್ಲಿಗೆ ಹೋಗ್ತಾ ಉಂಟು?"

"ಎಲ್ಲಿಗೂ ಇಲ್ಲ. ತನ್ನ ಮನೆಯಿಂದ ತನ್ನ ಮನೆಗೇ ಹೋಗ್ತಾ ಇದೆ."

ರೈಟರ್ ಸ್ವಲ್ಪ ಹೊತ್ತು ಗೌರವದಿಂದ ನೋಡಿದ. ಕೊನೆಗೆ ಕಂಪ್ಯೂಟರ್ ಇನ್ನು ಬಾಗಿಲು ತೆರೆಯಲಾರೆ ಎಂದು ಕೈಚೆಲ್ಲಿತು.

"ಇಷ್ಟು ಬೇಗ ಸುಸ್ತಾಯ್ತಲ್ಲ ಸಾರ್," ಎಂದ ರೈಟರ್. "ನೀವು ಪ್ರತಿ ಭಾನುವಾರ ಇಡೀ ದಿನ ಮನೆಯೊಳಗೇ ಹೀಗೆ ತಿರುಗ್ತೀರಿ."

ಪ್ರೋಗ್ರಾಂ ಸರಿಹೋಯಿತು

ಚುಕ್ಕೆಗಳನ್ನು ಬಿಡುವಂತೆ ತಿದ್ದಿದೆ. ಅಂದಿನಿಂದ ಅದು ಒಂದು ತಪ್ಪೂ ಮಾಡಲಿಲ್ಲ. ಜುಲೈ ಮಳೆ ಜೋರಾಗಿ ಹಿಡಿಯಿತು. ಬೆಳಿಗ್ಗೆ ಗುಂಡಿ ಒತ್ತಿದರೆ ಎಲ್ಲ ತೋಟಗಳ ಮಳೆ ಪರದೆಗೆ ಬಂದು ನಿಲ್ಲುತ್ತಿತ್ತು. ಫೋನ್ ಸುಮ್ಮನೆ ಮೇಜಿನ ಮೇಲೆ ಬಿದ್ದಿರುತ್ತಿತ್ತು. ಕೆಟ್ಟಿದೆಯೇನೋ ಎಂದು ಅಂಗಡಿಗೆ ಒಯ್ದು ತೋರಿಸಿದೆ. ಅಂಗಡಿಯವನು ತನ್ನ ಫೋನಿನಿಂದ ಕರೆ ಮಾಡಿ ನೋಡಿ, ಚೆನ್ನಾಗಿಯೇ ಇದೆ ಎಂದ. ಆ ತಿಂಗಳು ನನಗೆ ಬಂದ ಕರೆ ಅದೊಂದೇ. ತಿಂಡಿ ಆಯ್ತಾ ಎಂದು ಅವನು ಕೇಳಲಿಲ್ಲ.

ಎಲ್ಲರ ಮನೆ ಖಾಲಿ

ಆಗಸ್ಟಿನ ಒಂದು ಬೆಳಿಗ್ಗೆ, ರಾತ್ರಿಯಿಡೀ ಮಳೆ ಸುರಿದಿದ್ದರೂ ಪ್ರೋಗ್ರಾಂ ಒಂದು ಸಾಲನ್ನೂ ತೋರಿಸಲಿಲ್ಲ. ಒಂದೊಂದೇ ಫೋಲ್ಡರ್ ತೆರೆದು ನೋಡಿದೆ. ಎಲ್ಲ ತೋಟಗಳದ್ದೂ ಖಾಲಿ, ಹಳೆಯ ಫೈಲುಗಳನ್ನೂ ತೆಗೆದಿದ್ದರು. ಎಲ್ಲರ ಮನೆಯಲ್ಲೂ ಒಂದು ಚುಕ್ಕೆ, ಎರಡು ಚುಕ್ಕೆ, ಅಷ್ಟೇ. ಪ್ರೋಗ್ರಾಂನಲ್ಲಿ ತಪ್ಪಿರಲಿಲ್ಲ.

ಆಗ ಫೋನ್ ಹೊಡೆದುಕೊಂಡಿತು. ಮೇಜರ್ ಸಾಹೇಬರು.

"ಸಾರ್, ನಿಮ್ಮ ಪ್ರೋಗ್ರಾಂ ಕೆಟ್ಟಿದೆಯಂತೆ. ಎಲ್ಲರೂ ಹೇಳ್ತಾರೆ."

ಗಾಜಿನಲ್ಲಿದ್ದಷ್ಟೇ ಬರೆಯುವುದು ಒಂದು ತಿಂಗಳಿಗೇ ಎಲ್ಲರಿಗೂ ಸಾಕಾಗಿತ್ತು ಎಂದು ಅರ್ಥವಾಯಿತು.

"ಎಲ್ಲರೂ ಹೇಳೋದಾದ್ರೆ ಕೆಟ್ಟಿರಬೇಕು ಸಾರ್."

"ರಿಪೇರಿ ಆಗ್ತದಾ?"

"ಈ ಮಳೆಗಾಲದಲ್ಲಿ ಕಷ್ಟ."

ಆ ಕಡೆಯಿಂದ ಒಂದು ನೆಮ್ಮದಿಯ ಉಸಿರು ಕೇಳಿಸಿತು. "ಹೋಗ್ಲಿ, ಫೋನಲ್ಲೇ ಹೇಳ್ತೇವೆ. ಆಚೆ ಅಮ್ಮನಿಗೆ ಎಷ್ಟಂತೆ?"

"ನಿಮ್ಮದೇ ಮೊದಲ ಫೋನ್ ಸಾರ್."

"ಹಾಗಾದ್ರೆ ಆಮೇಲೆ ಮಾಡ್ತೇನೆ. ತಿಂಡಿ ಆಯ್ತಾ?"

ತಿಂಡಿ ಆಗಿತ್ತು. ಆಯ್ತು ಎಂದರೆ ಅವರು ಫೋನ್ ಇಡುತ್ತಾರೆ ಎಂದು ನನಗೆ ಗೊತ್ತಿತ್ತು. "ಇಲ್ಲ," ಎಂದೆ.

ಮುಂದಿನ ಫೋನ್ ಅಮ್ಮನದು. "ಮೇಜರಿಗೆ ಎಷ್ಟಂತೆ? ಇನ್ನೂ ಹೇಳಿಲ್ವಾ? ಹಾಗಾದ್ರೆ ನಾನೂ ಆಮೇಲೆ ಹೇಳ್ತೇನೆ. ತಿಂಡಿ ಆಯ್ತಾ?" ಅವರಿಗೂ ಇಲ್ಲ ಎಂದೆ. ಉಳಿದ ತೋಟದವರಿಗೂ ಹಾಗೇ ಹೇಳಿದೆ. ಫೋನ್ ಬಿಡುವಿಲ್ಲದೆ ಹೊಡೆದುಕೊಂಡಿತು. ಒಂದು ಸೆಂಟ್ ಮಳೆಯೂ ದಾಖಲಾಗಲಿಲ್ಲ.

ಹನ್ನೊಂದರ ಹೊತ್ತಿಗೆ ಬಾಗಿಲು ತಟ್ಟಿದ ಸದ್ದು. ಅಮ್ಮನ ಮನೆಯ ಡ್ರೈವರ್ ಅಕ್ಕಿ ತರಿಯ ಉಂಡೆ, ಕಡಂಬುಟ್ಟಿನ ಡಬ್ಬಿ ಕೊಟ್ಟು ಹೋದ. ಬಾಗಿಲು ಹಾಕುವಷ್ಟರಲ್ಲಿ ಮೇಜರರ ರೈಟರ್ ಬಂದ. ಕೈಯಲ್ಲಿ ಖಾಲಿ ಟಿಫಿನ್ ಕ್ಯಾರಿಯರ್.

"ಇದರಲ್ಲಿ ಏನೂ ಇಲ್ಲವಲ್ಲ?" ಎಂದೆ.

"ತಿಂಡಿ ಜೀಪಲ್ಲಿ ಉಂಟು ಸಾರ್," ಎಂದ ರೈಟರ್. "ಆಚೆ ಅಮ್ಮ ಎಷ್ಟು ಕಳಿಸಿದ್ದಾರೆ ಅಂತ ನೋಡ್ಕೊಂಡು ತುಂಬಿಸಿ ಕೊಡ್ಲಿಕ್ಕೆ ಹೇಳಿದ್ದಾರೆ."