ತಲೆಯ ಮೇಲಿನ ಸುಂಯ್ ಸಪ್ಪಳ

‘ಗೊತ್ತಿಲ್ಲ’ ಎಂಬ ಮಾತು ನನ್ನ ಬಾಯಿಂದ ಹೊರಟದ್ದನ್ನು ಯಾರೂ ಕೇಳಿರಲಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ರೋಗವೆಂದೇ ಹೇಳುತ್ತಿದ್ದೇನೆ. ಒಮ್ಮೆ ಮನೆಯ ಮಿಕ್ಸರ್ ನಿಂತುಹೋದಾಗ ಅದರ ಕಾರಣವನ್ನು ಅರ್ಧ ಗಂಟೆ ವಿವರಿಸಿದ್ದೆ. ನನ್ನವಳು ಎಲ್ಲವನ್ನೂ ಕೇಳಿಸಿಕೊಂಡು, ಎದ್ದು ಹೋಗಿ ಪ್ಲಗ್ ಹಾಕಿದಳು. ನಾನು ಕುಲಗೋಡದ ಶಾಲೆಯಲ್ಲಿ ಇತಿಹಾಸ ಕಲಿಸುವ ಮಾಸ್ತರ. ಆದರೆ ಗೋಕಾಕದಿಂದ ದಿನಾ ಬೆಳಿಗ್ಗೆ ನಾನು ಹತ್ತುವ ಬಸ್ಸಿನಲ್ಲಿ, ಯಾವ ವಿಷಯದ ಮಾಸ್ತರ ಎಂದು ಯಾರೂ ವಿಚಾರಿಸುವುದಿಲ್ಲ. ಜ್ವರಕ್ಕೆ ಯಾವ ಗುಳಿಗೆ, ಕಬ್ಬಿಗೆ ಯಾವ ಗೊಬ್ಬರ, ಎಲ್ಲದಕ್ಕೂ ಸರ ಏನಂತಾರ ಕೇಳ್ರಿ ಎನ್ನುತ್ತಾರೆ. ನಾನೂ ಏನಾದರೊಂದು ಅನ್ನುತ್ತಲೇ ಬಂದಿದ್ದೇನೆ.

ಹೀಗಿರುವಾಗ ನಮ್ಮ ಕಡೆಗೆ ಹೈಡ್ರೋಜನ್ ಬಸ್ಸು ಬಂದವು. ಪರೀಕ್ಷೆಗೆಂದು ಗೋಕಾಕಕ್ಕೊಂದು, ಮೂಡಲಗಿಗೊಂದು, ಹುಕ್ಕೇರಿಗೊಂದು. ಹೊಗೆಯಿಲ್ಲ, ಹಿಂದಿನ ಕೊಳವೆಯಿಂದ ಬರೀ ನೀರು ತೊಟ್ಟಿಕ್ಕುತ್ತದೆ. ನಮ್ಮವರಿಗೆ ಇದ್ದದ್ದು ಒಂದೇ ಬೇಸರ. ಕಿಟಕಿಯ ಗಾಜು ತೆರೆಯದ ಕಾರಣ ಹೊರಗಿನಿಂದ ಟವೆಲ್ ಒಗೆದು ಸೀಟು ಹಿಡಿಯುವ ಹಾಗಿಲ್ಲ. ಆದರೂ ನನಗೆ ಸೀಟು ತಪ್ಪಲಿಲ್ಲ. ಗೋಕಾಕದಲ್ಲಿ ಬಾಳೆಹಣ್ಣು ಕೊಂಡು ಕುಲಗೋಡದಲ್ಲಿ ಮಾರುವ ಗಂಗವ್ವ ಎಲ್ಲರಿಗಿಂತ ಮೊದಲು ಹತ್ತಿ, ಬುಟ್ಟಿಯನ್ನು ಕಾಲಡಿ ಇಟ್ಟು, ಬಾಜೂ ಸೀಟಿಗೆ ಟವೆಲ್ ಹಾಸಿ, ನಾನು ಬರುವತನಕ ಯಾರನ್ನೂ ಕೂಡಗೊಡುತ್ತಿರಲಿಲ್ಲ. ಆಕೆಯ ಮಗಳಿಗೆ ನಾನು ಕಲಿಸಿದ್ದೆ, ಆ ಮರ್ಯಾದೆ.

ಒಂದು ದಿನ ಗಂಗವ್ವ ಮೇಲೆ ನೋಡಿ, “ಸರ, ತಲಿ ಮ್ಯಾಲ ಏನೋ ಸುಂಯ್ ಅನ್ನಾಕತ್ತೈತಿ. ನಮ್ಮನಿ ಸಿಲಿಂಡರ್ ವಾಶರ್ ಹೋದಾಗ ಹಿಂಗ ಅಂದಿತ್ರಿ” ಎಂದಳು. ಹೈಡ್ರೋಜನ್ ಟಾಕಿ ಇದ್ದದ್ದು ಬಸ್ಸಿನ ಛಾವಣಿಯ ಮೇಲೆಯೇ. ಕಂಡಕ್ಟರ್ ತಕರಾರು ಬರೆಯಲು ಪುಸ್ತಕ ತೆಗೆದ. ತೆಗೆದವನು ರೂಢಿಯಂತೆ ನನ್ನ ಮುಖ ನೋಡಿದ. ಇಡೀ ಬಸ್ಸೇ ನನ್ನ ಮುಖ ನೋಡಿತು. ನನಗಾದರೂ ಏನು ಗೊತ್ತು? ಆದರೆ ಬಾಯಿ ಸುಮ್ಮನಿರಬೇಕಲ್ಲ! ಹೈಡ್ರೋಜನ್ ಬಹಳ ಹಗುರ, ಓಡಾಡುವಾಗ ಹೀಗೆ ಉಸಿರು ಬಿಡುತ್ತದೆ, ಈ ಸಪ್ಪಳ ಬಂದರೇನೇ ಬಸ್ಸು ಆರೋಗ್ಯವಾಗಿದೆ ಎಂದರ್ಥ ಎಂದುಬಿಟ್ಟೆ. ಕಂಡಕ್ಟರ್ ಪೆನ್ನನ್ನು ಕಿಸೆಗೆ ಸಿಕ್ಕಿಸಿಕೊಂಡ. ಗಂಗವ್ವ ಮಾತ್ರ ಕುಲಗೋಡ ಬರುವತನಕ ಮೇಲೆಯೇ ನೋಡುತ್ತಿದ್ದಳು.

ಹದಿನೈದು ದಿನ ಕಳೆದು ಒಂದು ಬೆಳಿಗ್ಗೆ ನಿಲ್ದಾಣಕ್ಕೆ ಹೋದರೆ, ಆ ಜಾಗದಲ್ಲಿ ಹಳೆಯ ಡೀಸೆಲ್ ಬಸ್ಸು ನಿಂತಿತ್ತು. ಟಾಕಿಯ ಬಾಯಿಗೆ ಕೂಡಿಸಿದ ವಾಲ್ವಿನಲ್ಲೇ ದೋಷವಂತೆ, ಅನಿಲ ಸೋರಿ ಬೆಂಕಿ ಹತ್ತುವ ಭಯವಂತೆ, ಕಂಪನಿಯವರು ಮೂರೂ ಬಸ್ಸು ವಾಪಸ್ ಕರೆಸಿಕೊಂಡರಂತೆ. ನಮ್ಮ ಬಸ್ಸಿನದು ಆಗಲೇ ಸೋರುತ್ತಿತ್ತು ಎಂದು ಕಂಡಕ್ಟರ್ ತಗ್ಗಿದ ದನಿಯಲ್ಲಿ ಹೇಳಿದ. ನನ್ನ ಮಾತನ್ನು ಅವನು ನೆನಪಿಸಲಿಲ್ಲ, ಅದೇ ಹೆಚ್ಚು ಚುಚ್ಚಿತು. ಹದಿನೈದು ದಿನ ಬಸ್ಸು ತುಂಬ ಜನ ನನ್ನ ಒಂದು ಮಾತನ್ನು ನಂಬಿ ಆ ಸೋರುವ ಟಾಕಿಯಡಿ ಕೂತಿದ್ದರು. ನಾಚಿಕೆಯಿಂದ ಕುಗ್ಗಿಹೋದೆ. ಇನ್ನು ನನಗೆ ಯಾರು ಸೀಟು ಹಿಡಿದಾರು ಎಂದುಕೊಳ್ಳುತ್ತಲೇ ಬಸ್ಸು ಹತ್ತಿದೆ.

ಗಂಗವ್ವನ ಬಾಜೂ ಟವೆಲ್ ಬಿದ್ದಿತ್ತು. ಈ ಸಲ ಕಿಟಕಿಯಿಂದಲೇ ಒಗೆದಿದ್ದಳು.

“ತಪ್ಪಾತು ಗಂಗವ್ವ. ನನಗ ಅವತ್ತ ಏನೂ ಗೊತ್ತಿರಲಿಲ್ಲ” ಎಂದೆ.

“ಅದು ನನಗ ಅವತ್ತ ತಿಳದಿತ್ರಿ. ಖರೆ, ಸರ ಅಂದಮ್ಯಾಗ ಯಾರ ಮಾತಾಡತಾರ? ಇನ್ನ ಸಪ್ಪಳ ನಾ ನೋಡ್ಕೋತೇನಿ, ನೀವು ಸುಮ್ಮ ಕುಂದರ್ರಿ” ಎಂದಳು.

ಕೂತೆ. ಊರು ದಾಟುತ್ತಲೇ ಎಲ್ಲೋ ಕಟಕಟ ಶುರುವಾಯಿತು. ಹಳೆಯ ಬಸ್ಸಿನ ಗೇರಿನ ಬಗ್ಗೆ ಹೇಳಲು ಬಾಯಿ ತೆರೆದವನು ತಡೆದುಕೊಂಡು, ಏನದು ಎಂದು ಆಕೆಯನ್ನೇ ಕೇಳಿದೆ. ಗಂಗವ್ವ ಕಿವಿಗೊಟ್ಟು ಆಲಿಸಿ, ನನ್ನ ಚೀಲದ ಕಡೆ ಬೆರಳು ತೋರಿಸಿದಳು.

“ನಿಮ್ಮ ಬುತ್ತಿ ಡಬ್ಬಿರಿ ಸರ. ಮುಚ್ಚಳ ಸಡ್ಲ ಐತಿ.”

ಬಿಗಿ ಮಾಡಿದೆ. ಮುಚ್ಚಳ ಯಾಕೆ ಸಡಿಲಾಗುತ್ತದೆ ಎಂದು ವಿವರಿಸಲು ನಾಲಿಗೆ ತುರಿಸುತ್ತಿತ್ತು. ಕುಲಗೋಡ ಬರುವತನಕ ಹೇಗೋ ತಡೆದೆ. ಇಳಿಯುವಾಗ ಮಾತ್ರ ಹೇಳಿಯೇಬಿಟ್ಟೆ.