ಬೀರುವಿನಲ್ಲಿ ಮೂಳೆ, ಕುರ್ಚಿಯಲ್ಲಿ ಲಿವರ್

ನನ್ನ ಹೆಂಡತಿಗೆ ಸಾಮಾನು ಜರುಗಿಸುವ ಚಟ. ಒಂದು ಬೀರು ಆರು ತಿಂಗಳು ಒಂದೇ ಗೋಡೆಗೆ ಒರಗಿ ನಿಂತರೆ ಅವಳಿಗೆ ಉಸಿರು ಕಟ್ಟುತ್ತದೆ. ಇಪ್ಪತ್ತೆರಡು ವರ್ಷ ತೆಪ್ಪಗಿದ್ದೆ. ಆದರೆ ಈ ಸಲ ಅವಳು ಜರುಗಿಸಿದ್ದು ನನ್ನ ಭವಿಷ್ಯವನ್ನು.

ನಾನು ಕಾಲೇಜಿನಲ್ಲಿ ಪ್ರಾಚೀನ ಭಾಷೆಗಳ ಮೇಷ್ಟ್ರು. ಆ ಭಾಷೆಗಳಲ್ಲಿ ಕೆಲವು ನಾಮಪದಗಳಿವೆ, ವಿಭಕ್ತಿ ಬದಲಾಯಿತೋ ವೇಷವನ್ನೇ ಬದಲಾಯಿಸುತ್ತವೆ. ಈಗ ಯಾರೂ ಆಡದ ಹಿಟ್ಟೈಟ್ ಭಾಷೆಯಲ್ಲಿ ನೀರು 'ವಾತರ್'. 'ನೀರಿನ' ಎನ್ನಬೇಕಾದರೆ 'ವೆತೆನಸ್'. ಸಂಸ್ಕೃತದಲ್ಲಿ ಲಿವರ್ 'ಯಕೃತ್', ಲಿವರಿನ 'ಯಕ್ನಃ'. ರಕಾರ ಮಂಗಮಾಯ, ನಕಾರ ಹಾಜರ್! ಎಲ್ಲಿಯ ಹಿಟ್ಟೈಟ್, ಎಲ್ಲಿಯ ಸಂಸ್ಕೃತ, ಇಬ್ಬರಿಗೂ ಒಂದೇ ಚಾಳಿ. ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. (ಅದಕ್ಕೆ ಫ್ಯಾನ್ ಕಾರಣ ಎನ್ನುತ್ತಾಳೆ ಹೆಂಡತಿ.)

ವಿಭಾಗದ ಮುಖ್ಯಸ್ಥನ ಸ್ಥಾನ ಖಾಲಿಯಿತ್ತು. ಚೆನ್ನಾಗಿ ಉಪನ್ಯಾಸ ಕೊಟ್ಟವರಿಗೆ ಅದು. ಇಂಥ ಮೂವತ್ತು ಪದಗಳನ್ನು ಕಾಗದ ನೋಡದೆ ಹೇಳಿ ಸಭೆಯನ್ನು ದಂಗುಬಡಿಸಬೇಕೆಂದು ಪಣ ತೊಟ್ಟೆ. ಹೊಳೆಯಿತು ಮಹೋಪಾಯ. ಮನೆಯ ಒಂದೊಂದು ಸಾಮಾನಿಗೆ ಒಂದೊಂದು ಪದದ ಚೀಟಿ ಅಂಟಿಸಿದೆ: ಬಾಗಿಲಿಗೆ ದಾರಿ, ಕನ್ನಡಿಗೆ ಕಣ್ಣು, ಬೀರುವಿಗೆ ಮೂಳೆ, ಕುರ್ಚಿಗೆ ಲಿವರ್, ನಲ್ಲಿಗೆ ನೀರು. ಹದಿನೈದು ದಿನ ಅದೇ ಸಾಲಿನಲ್ಲಿ ಗಟ್ಟಿಯಾಗಿ ಹೇಳುತ್ತ ಓಡಾಡಿದೆ. ನನ್ನ ಹಿಂದೆಯೇ ಹೆಂಡತಿ ಕಸ ಗುಡಿಸುತ್ತ ಬರುತ್ತಿದ್ದಳು. ವೇದಿಕೆಯ ಮೇಲೆ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಮನೆ ಸುತ್ತಿದರಾಯಿತು.

ಉಪನ್ಯಾಸದ ದಿನ ಬೆಳಿಗ್ಗೆ ಸ್ನಾನ ಮುಗಿಸಿ ಬಂದು ನೋಡುತ್ತೇನೆ, ಬೀರು ಕಿಟಕಿಯ ಪಕ್ಕ, ಕನ್ನಡಿ ಬೀರುವಿನ ಜಾಗದಲ್ಲಿ!

"ಏನೇ ಇದು?"

"ನೀವು ಮುಖ್ಯಸ್ಥರಾದ್ಮೇಲೆ ನಾಲ್ಕು ಜನ ಮನೆಗೆ ಬರ್ತಾರಲ್ಲ, ಹಾಲ್ ನೋಡೋ ಹಾಗಿರ್ಬೇಡ್ವಾ? ಚೀಟಿ ಒಂದೂ ಕಿತ್ತಿಲ್ಲ ಮಾರಾಯ್ರೆ."

ಆಸೆಯಿಂದಲೇ ಮಾಡಿದ್ದಳು ಪಾಪ. ಮತ್ತೆ ಜರುಗಿಸಲು ಹೊತ್ತಿರಲಿಲ್ಲ, ಇಬ್ಬರೂ ಕಾಲೇಜಿಗೆ ಹೊರಟೆವು.

ಸಭೆಯಲ್ಲಿ ಕಣ್ಣು ಮುಚ್ಚಿದೆ. ಬಾಗಿಲಲ್ಲಿ ಲ್ಯಾಟಿನ್ನಿನ ದಾರಿ, 'ಇಟೆರ್, ಇಟಿನೆರಿಸ್', ಸಲೀಸಾಗಿ ಬಂತು. ಕನ್ನಡಿಯಲ್ಲಿ 'ಅಕ್ಷಿ, ಅಕ್ಷ್ಣಃ'. ಚಪ್ಪಾಳೆ! ಉಬ್ಬಿಹೋಗಿ ಮುಂದಿನ ಹೆಜ್ಜೆ ಇಟ್ಟೆ. ಬೀರು ಇರಬೇಕಾದ ಕಡೆ ಇನ್ನೊಂದು ಕನ್ನಡಿ, ಅದರಲ್ಲಿ ಬೆವರುತ್ತಿರುವ ನಾನು. ಹಳೆಯ ಮನೆ, ಹೊಸ ಮನೆ ಎರಡೂ ಕಲಸಿಹೋಗಿ ನನ್ನ ಮನೆಯಲ್ಲೇ ನಾನು ದಾರಿ ತಪ್ಪಿದ್ದೆ. ಪ್ರಿನ್ಸಿಪಾಲರು ಎರಡು ಸಲ ಕೆಮ್ಮಿದರು.

ಮುಂದಿನ ಸಾಲಿನಿಂದ ಹೆಂಡತಿಯ ದನಿ ಬಂತು.

"ಅಸ್ಥಿ, ಅಸ್ಥ್ನಃ. ಬೀರು ಕಿಟಕಿ ಹತ್ರ ಇದೆ ರೀ."

ನನಗೆ ಆಮೇಲೂ ಬೀರು ಸಿಗಲಿಲ್ಲ. ಅವಳು ಕೂತಲ್ಲೇ ಉಳಿದ ಇಪ್ಪತ್ತೇಳೂ ಪದಗಳನ್ನು ಪಟಪಟನೆ ಹೇಳಿ ಮುಗಿಸಿದಳು. ಸಭೆ ಎದ್ದು ನಿಂತಿತು. ಮುಖ್ಯಸ್ಥನ ಸ್ಥಾನ ಪಕ್ಕದ ಕೋಣೆಯ ಮೇಷ್ಟ್ರಿಗೆ ಹೋಯಿತು. ಮುಂದಿನ ತಿಂಗಳ ವಿಶೇಷ ಉಪನ್ಯಾಸಕ್ಕೆ ಆಹ್ವಾನ ಬಂದದ್ದು ನನ್ನ ಹೆಂಡತಿಗೆ, ಅರವತ್ತು ಪದಗಳೊಂದಿಗೆ.

ಈಗ ಅವಳು ಮುಂದೆ ಮುಂದೆ ಹೇಳುತ್ತ ನಡೆಯುತ್ತಾಳೆ, ನಾನು ಹಿಂದೆ ಹಿಂದೆ ಕಸ ಗುಡಿಸುತ್ತೇನೆ. ನಿನ್ನೆ ಸೊಂಟ ಹಿಡಿಯಿತೆಂದು ಕುರ್ಚಿಯನ್ನು ಒಂದು ಗೇಣು ಎಳೆದು ಕೂರಲು ಹೋದೆ. ಇಪ್ಪತ್ತೆರಡು ವರ್ಷ ಸಾಮಾನನ್ನು ನಿಂತಲ್ಲಿ ನಿಲ್ಲಗೊಡದ ಮಹಾತಾಯಿ ಗಕ್ಕನೆ ತಿರುಗಿದಳು.

"ಅದು ಎಲ್ಲಿತ್ತೋ ಅಲ್ಲೇ ಇಡಿ. ಅದ್ರಲ್ಲಿ ನನ್ನ ಲಿವರ್ ಇದೆ."